ಅಪ್ಪ ಹನ್ನೊಂದು ವರ್ಷ ಚರ್ಚಿಗೆ ಹೋಗಲಿಲ್ಲ. ಅವರ ರಕ್ಷಣೆ, ಅಂದರೆ ಪಾಪದಿಂದ ಸಿಕ್ಕ ಬಿಡುಗಡೆ, ಹೋಯಿತಾ?

ಬೆಟಗೇರಿಯ ಮಗಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆದಿದ್ದೇನೆ, ಪೂರ್ತಿ ಓದಿ ಉತ್ತರ ಕೊಡಿ.

ನಮ್ಮ ತಂದೆ ಕಳೆದ ಆಗಸ್ಟ್‌ನಲ್ಲಿ ತೀರಿಕೊಂಡರು. ಮಗ್ಗ ರಿಪೇರಿ ಮಾಡುತ್ತಿದ್ದರು. ಚಿಕ್ಕಂದಿನಿಂದ ಚರ್ಚಿನ ಸಭೆಯಲ್ಲಿ ಬೆಳೆದವರು. ಕ್ವಾಯರ್‌ನಲ್ಲಿ ಹಾಡುತ್ತಿದ್ದರು, ಸಂಡೇ ಸ್ಕೂಲ್‌ನಲ್ಲಿ ಕಲಿಸುತ್ತಿದ್ದರು. ನನಗೆ ಸತ್ಯವೇದದ ಕಥೆಗಳನ್ನು ಮೊದಲು ಹೇಳಿದ್ದೇ ಅವರು. ಒಂದು ವರ್ಷ ಸಭೆಯ ಲೆಕ್ಕಪತ್ರದ ಬಗ್ಗೆ ಎದ್ದು ನಿಂತು ಒಂದು ಪ್ರಶ್ನೆ ಕೇಳಿದರು. ಎಲ್ಲರ ಮುಂದೆ ಅವರಿಗೆ ಅವಮಾನ ಆಯಿತು. ಮನೆಗೆ ಬಂದವರು ಆಮೇಲೆ ಹನ್ನೊಂದು ವರ್ಷ ಚರ್ಚಿನ ಬಾಗಿಲು ದಾಟಲಿಲ್ಲ. ಕ್ರಿಸ್‌ಮಸ್‌ಗೂ ಇಲ್ಲ, ಈಸ್ಟರ್‌ಗೂ ಇಲ್ಲ.

ರಾತ್ರಿ ಅವ್ವ ಮನೆಯಲ್ಲಿ ಪ್ರಾರ್ಥನೆ ಮಾಡುವಾಗ ಎದ್ದು ಹೋಗುತ್ತಿರಲಿಲ್ಲ. ತಲೆ ತಗ್ಗಿಸಿ ಕೂರುತ್ತಿದ್ದರು. ಆದರೆ ಕೊನೆಗೆ ಆಮೆನ್ ಮಾತ್ರ ಹೇಳುತ್ತಿರಲಿಲ್ಲ.

ಹೋದ ತಿಂಗಳು ನಮ್ಮ ಮನೆಯಲ್ಲಿ ಪ್ರಾರ್ಥನಾ ಕೂಟ ಇಟ್ಟಿದ್ದೆವು. ಹೊರಗಿನಿಂದ ಒಬ್ಬ ಬೋಧಕರು ಬಂದಿದ್ದರು. ಅವ್ವ ಅವರ ಹತ್ತಿರ ಅಪ್ಪನ ಸಮಾಧಿ ಕಲ್ಲಿನ ಮಾತು ತೆಗೆದಳು. "ಕರ್ತನಲ್ಲಿ ನಿದ್ರೆ ಹೋದರು" ಎಂದು ಬರೆಸಬೇಕು ಅಂದಳು. ಅದಕ್ಕೆ ಅವರು, "ಅಮ್ಮಾ, ಸಭೆ ಬಿಟ್ಟವನು ಕರ್ತನಲ್ಲಿ ಇದ್ದನಾ? ಅವನು ಮೊದಲಿನಿಂದಲೂ ನಿಜವಾಗಿ ರಕ್ಷಣೆ ಹೊಂದಿರಲಿಕ್ಕಿಲ್ಲ. ಇಲ್ಲವೇ ಹೊಂದಿದ್ದನ್ನು ಕಳೆದುಕೊಂಡಿರಬೇಕು" ಅಂದರು. ಎಲ್ಲರ ಎದುರಿಗೆ.

ಅವತ್ತಿನಿಂದ ಅವ್ವನಿಗೆ ನಿದ್ದೆ ಇಲ್ಲ. ಎರಡು ರೊಟ್ಟಿ ತಿನ್ನುವವಳು ಅರ್ಧಕ್ಕೇ ಏಳುತ್ತಾಳೆ. ನನ್ನನ್ನು ಒಂದೇ ಮಾತು ಕೇಳುತ್ತಾಳೆ: "ನಿಮ್ಮಪ್ಪ ಎಲ್ಲಿದ್ದಾನೆ?"

ರಕ್ಷಣೆ ಸಿಕ್ಕ ಮೇಲೆ ಹೋಗುತ್ತದಾ? ನಂಬಿಕೆ ಒಂದೇ ಸಾಕಾ, ಕ್ರಿಯೆಯೂ ಬೇಕಾ? ಸುಮ್ನೆ ಸಮಾಧಾನ ಹೇಳಬೇಡಿ. ನಿಜ ಹೇಳಿ.

ಗದಗ ರೋಡ್ ರೈಲ್ವೆಯವ

ತಂಗಿ, ನಿಮ್ಮ ಅವ್ವನಿಗೆ ಯೋಹಾನ 10:28 ಓದಿ ಹೇಳಿ. ತನ್ನ ಕುರಿಗಳಿಗೆ ನಿತ್ಯಜೀವ ಕೊಡುತ್ತೇನೆ, ನನ್ನ ಕೈಯಿಂದ ಅವುಗಳನ್ನು ಯಾರೂ ಕಸಿದುಕೊಳ್ಳಲಾರರು ಎಂದು ಯೇಸು ಹೇಳಿದ್ದಾನೆ. ಮುಂದಿನ ವಚನದಲ್ಲಿ ತಂದೆಯ ಕೈಯ ಮಾತು ಬರುತ್ತದೆ. ಎರಡು ಕೈ. ಹಿಡಿದಿರುವವನು ಆತ, ನಾವಲ್ಲ.

ನಾನು ಹುಬ್ಬಳ್ಳಿಯಲ್ಲಿ ರೈಲ್ವೆ ಕೆಲಸದಲ್ಲಿದ್ದವನು. ನಮ್ಮ ಕಡೆ ಹೇಳುವುದು ಹೀಗೆ. ಟಿಕೆಟ್ ಕನ್ಫರ್ಮ್ ಆದ ಮೇಲೆ ನೀವು ರೈಲಿನಲ್ಲಿ ಎಚ್ಚರ ಇರಿ, ನಿದ್ದೆ ಮಾಡಿ, ಅಳುತ್ತಾ ಕೂರಿ, ಊರು ಬರುವುದು ಬಂದೇ ಬರುತ್ತದೆ. ದುಡ್ಡು ಕಟ್ಟಿದವನು ಬೇರೆಯವನು. ನಿಮ್ಮ ತಂದೆ ಸಂಡೇ ಸ್ಕೂಲ್‌ನಲ್ಲಿ ಕಲಿಸಿದವರು, ಕರ್ತನನ್ನು ಅರಿತವರು. ಒಮ್ಮೆ ರಕ್ಷಣೆ ಆದರೆ ಎಂದೆಂದಿಗೂ ರಕ್ಷಣೆ. ಎಫೆಸದವರಿಗೆ 2:8 ಮತ್ತು 9 ನೋಡಿ. ಕೃಪೆಯಿಂದ, ನಂಬಿಕೆಯ ಮೂಲಕ. ಅದು ದೇವರ ವರ. ಕ್ರಿಯೆಯಿಂದ ಅಲ್ಲ, ಯಾರೂ ಹೊಗಳಿಕೊಳ್ಳಬಾರದು ಎಂದು.

ರಾಣೇಬೆನ್ನೂರು ಬೋಧಕ

ಸಹೋದರಿ, ನೀವು ನಿಜ ಕೇಳಿದ್ದೀರಿ, ಅದಕ್ಕೇ ಬರೆಯುತ್ತೇನೆ. ಇಬ್ರಿಯರಿಗೆ 6:4ರಿಂದ 6 ಓದಿ. ಒಮ್ಮೆ ಬೆಳಕು ಕಂಡು, ಪರಲೋಕದ ವರದ ರುಚಿ ನೋಡಿ, ಪವಿತ್ರಾತ್ಮನಲ್ಲಿ ಪಾಲು ಹೊಂದಿ, ಆಮೇಲೆ ಬಿದ್ದುಹೋದವರನ್ನು ತಿರುಗಿ ಪಶ್ಚಾತ್ತಾಪಕ್ಕೆ ತರಲಾಗದು ಎಂದು ಅಲ್ಲಿದೆ. ಮತ್ತಾಯ 7:21ರಲ್ಲಿ ಸ್ವಾಮೀ ಸ್ವಾಮೀ ಎನ್ನುವವರೆಲ್ಲ ಒಳಗೆ ಹೋಗುವುದಿಲ್ಲ ಎಂದಿದೆ. ಮತ್ತಾಯ 24:13ರಲ್ಲಿ ಕಡೇ ತನಕ ತಾಳುವವನಿಗೆ ರಕ್ಷಣೆ. ಯೋಹಾನ 15:6ರಲ್ಲಿ ಬಳ್ಳಿಯಲ್ಲಿ ನೆಲೆಗೊಳ್ಳದ ಕೊಂಬೆ ಒಣಗುತ್ತದೆ.

ಕನ್ಫರ್ಮ್ ಟಿಕೆಟ್ ಎನ್ನುವ ಅಣ್ಣನವರಿಗೆ ಒಂದು ಮಾತು. ಆ ಮಾತನ್ನು ನಂಬಿ ಕುಡಿದು, ಹೆಂಡತಿಯನ್ನು ಹೊಡೆದು, "ನನ್ನ ರಕ್ಷಣೆ ಎಲ್ಲೂ ಹೋಗಲ್ಲ" ಎಂದು ನನ್ನ ಮುಂದೆಯೇ ಹೇಳಿದವರನ್ನು ನೋಡಿದ್ದೇನೆ. ಸುಳ್ಳು ಧೈರ್ಯ ಕೊಡುವುದು ಪ್ರೀತಿ ಅಲ್ಲ.

ಗದಗ ರೋಡ್ ರೈಲ್ವೆಯವ

ಅಂಥವನು ಟಿಕೆಟ್ ತೆಗೆದುಕೊಂಡೇ ಇಲ್ಲ, ಬೋಧಕರೇ.

ಹಾವೇರಿ ಹುಡುಗ

ಅದೇ ನೋಡಿ ಅಣ್ಣ ನನಗೆ ಭಯ ಹುಟ್ಟಿಸುವ ಮಾತು. ತಪ್ಪು ಮಾಡಿದವನನ್ನು ನೋಡಿ ಅವನ ಹತ್ತಿರ ಟಿಕೆಟ್ ಇರಲೇ ಇಲ್ಲ ಎಂದರೆ, ನಾನು ತಪ್ಪು ಮಾಡಿದ ದಿನ ನನ್ನ ಹತ್ತಿರ ಇದೆ ಎಂದು ಹೇಗೆ ತಿಳಿಯಲಿ?

ನನಗೆ 23 ವರ್ಷ. ಯುವಜನರ ಕ್ಯಾಂಪಿಗೆ ಹೋದಾಗಲೆಲ್ಲ ಕೊನೆಯ ರಾತ್ರಿ, ಯೇಸುವನ್ನು ಒಪ್ಪಿಕೊಳ್ಳುವವರು ಯಾರು ಎಂದು ಕೇಳಿದಾಗ, ಕೈ ಎತ್ತಿದ್ದೇನೆ. ಏಳು ಸಲ. ಪ್ರತಿ ಸಲವೂ ಇದು ನಿಜವಾದದ್ದು, ಹಿಂದಿನದು ಸುಳ್ಳು ಅನ್ನಿಸುತ್ತಿತ್ತು. ಮತ್ತೆ ಬೀಳುತ್ತಿದ್ದೆ. ರಾತ್ರಿ ಗುಡುಗಿದರೆ ಎದ್ದು ಪಕ್ಕದಲ್ಲಿ ಅವ್ವ ಇದ್ದಾಳಾ ಎಂದು ನೋಡುತ್ತಿದ್ದೆ. ಕರ್ತನು ಬಂದು ಅವಳನ್ನು ಕರೆದುಕೊಂಡು ಹೋಗಿ ನನ್ನನ್ನು ಬಿಟ್ಟುಬಿಟ್ಟನಾ ಎಂದು. ದೀಕ್ಷಾಸ್ನಾನವನ್ನು ಮತ್ತೆ ಕೊಡಿ ಎಂದು ಕೇಳಿದ್ದೂ ಉಂಟು.

ಅಕ್ಕಾ, ನಿಮ್ಮ ಅವ್ವನ ನಿದ್ದೆ ಯಾಕೆ ಹೋಗಿದೆ ಎಂದು ನನಗೆ ಗೊತ್ತು.

ಧಾರವಾಡ ಮಾಸ್ತರ

ನಾನು ಧಾರವಾಡದವನು. ಶಾಲೆಯಿಂದ ನಿವೃತ್ತನಾಗಿ ಬಹಳ ವರ್ಷ ಆಯಿತು. ನಮ್ಮ ಮುತ್ತಜ್ಜನ ಕಾಲದಿಂದ ಬಾಸೆಲ್ ಮಿಶನ್ ಸಭೆಯವರು. ಎರಡು ಕಡೆಯ ವಚನಗಳೂ ಬಂದವು. ಈಗ ಇವು ಎಲ್ಲಿಂದ ಜಗಳವಾಗಿ ನಮ್ಮ ಮನೆಗೆ ಬಂದವು ಎಂದು ಹೇಳುತ್ತೇನೆ. ಮಗಳೇ, ಸ್ವಲ್ಪ ತಾಳ್ಮೆಯಿಂದ ಓದು. ನಿನ್ನ ಅಪ್ಪನ ವಿಷಯಕ್ಕೆ ಬರುತ್ತೇನೆ.

ಪ್ರೊಟೆಸ್ಟೆಂಟ್ ದಾರಿ ಶುರು ಮಾಡಿದ ಜರ್ಮನ್ ಸನ್ಯಾಸಿ ಮಾರ್ಟಿನ್ ಲೂಥರ್ 1517ರಲ್ಲಿ ಎದ್ದು ನಿಂತಾಗ ಅವನ ಕಷ್ಟ ಹಾವೇರಿಯ ಈ ಹುಡುಗನ ಕಷ್ಟವೇ ಆಗಿತ್ತು. ಎಷ್ಟು ಉಪವಾಸ ಮಾಡಿದರೂ, ಎಷ್ಟು ಪಾಪ ಅರಿಕೆ ಮಾಡಿದರೂ ದೇವರು ಮೆಚ್ಚಿದ ಎಂಬ ನೆಮ್ಮದಿ ಸಿಗಲಿಲ್ಲ. ಪೌಲ ರೋಮಾಪುರದವರಿಗೆ ಬರೆದ ಪತ್ರಿಕೆಯಲ್ಲಿ ಅವನಿಗೆ ಬಿಡುಗಡೆ ಸಿಕ್ಕಿತು. ಮನುಷ್ಯ ನೀತಿವಂತ ಎಂದು ಎಣಿಕೆಯಾಗುವುದು ನಂಬಿಕೆಯಿಂದ, ಕ್ರಿಯೆಯಿಂದ ಅಲ್ಲ ಎಂದು. ಆ ಖುಷಿಯಲ್ಲಿ ಅವನು, ಕ್ರಿಯೆ ಇಲ್ಲದ ನಂಬಿಕೆ ಸತ್ತದ್ದು ಎನ್ನುವ ಯಾಕೋಬನ ಪತ್ರಿಕೆಯನ್ನು ಸಹಿಸಲಿಲ್ಲ. 1522ರಲ್ಲಿ ಜರ್ಮನ್ ಹೊಸ ಒಡಂಬಡಿಕೆಗೆ ಬರೆದ ಮುನ್ನುಡಿಯಲ್ಲಿ ಅದನ್ನು ಹುಲ್ಲಿನ ಪತ್ರಿಕೆ ಎಂದ. ಮುಂದಿನ ಮುದ್ರಣಗಳಲ್ಲಿ ಆ ಮಾತನ್ನು ಬಿಟ್ಟ. ಆದರೆ ಅದೇ ಪುಸ್ತಕದಲ್ಲಿ ರೋಮಾಪುರದ ಪತ್ರಿಕೆಗೆ ಬರೆದ ಮುನ್ನುಡಿಯನ್ನು ಜನ ಓದುವುದಿಲ್ಲ. ಅಲ್ಲಿ ಅವನೇ ಹೇಳುತ್ತಾನೆ: ನಂಬಿಕೆ ಜೀವ ಇರುವ, ಸುಮ್ಮನೆ ಕೂರದ ವಸ್ತು. ಬೆಂಕಿಯಿಂದ ಬಿಸಿಯನ್ನೂ ಬೆಳಕನ್ನೂ ಬೇರೆ ಮಾಡಲಾಗದ ಹಾಗೆ ನಂಬಿಕೆಯಿಂದ ಒಳ್ಳೆಯ ಕೆಲಸವನ್ನು ಬೇರೆ ಮಾಡಲಾಗುವುದಿಲ್ಲ.

ಪೌಲನೂ ಯಾಕೋಬನೂ ಇಬ್ಬರೂ ಅಬ್ರಹಾಮನನ್ನೇ ಕರೆದು ಸಾಕ್ಷಿಗೆ ನಿಲ್ಲಿಸುತ್ತಾರೆ. ಇದು ನನಗೆ ಬಹಳ ಇಷ್ಟದ ಜಾಗ. ಪೌಲ ಆದಿಕಾಂಡ 15ನೇ ಅಧ್ಯಾಯ ಹಿಡಿಯುತ್ತಾನೆ. ಮಕ್ಕಳಿಲ್ಲದ ಮುದುಕ ನಕ್ಷತ್ರ ನೋಡಿ ದೇವರ ಮಾತು ನಂಬಿದ. ಏನೂ ಮಾಡಲಿಲ್ಲ, ಬರೀ ನಂಬಿದ. ಯಾಕೋಬ 22ನೇ ಅಧ್ಯಾಯಕ್ಕೆ ಹೋಗುತ್ತಾನೆ. ಅದೇ ಮುದುಕ ಇಸಾಕನನ್ನು ಕರೆದುಕೊಂಡು ಬೆಟ್ಟ ಹತ್ತುತ್ತಾನೆ. ನಡುವೆ ಎಷ್ಟೋ ವರ್ಷ ಕಳೆದಿವೆ. ಪೌಲ ಮಾತಾಡುವುದು ಬಾಗಿಲಲ್ಲಿ ನಿಂತವನ ಹತ್ತಿರ: "ಒಳಗೆ ಬರಲು ಏನೂ ಕೊಡಬೇಕಿಲ್ಲ." ಯಾಕೋಬ ಮಾತಾಡುವುದು ಒಳಗೆ ಬಂದು ಕೂತು, ಹಸಿದು ಬಂದವನಿಗೆ "ಹೋಗಿ ಬೆಚ್ಚಗಿರು" ಎಂದು ಬರೀ ಬಾಯಲ್ಲಿ ಹೇಳುವವನ ಹತ್ತಿರ. ಒಬ್ಬನಿಗೆ ಕೊಡಬೇಕಾದ ಮಾತನ್ನು ಇನ್ನೊಬ್ಬನಿಗೆ ಕೊಟ್ಟರೆ ಔಷಧ ಬದಲಾದ ಹಾಗೆ.

ರಕ್ಷಣೆ ಹೋಗುತ್ತದಾ ಎನ್ನುವುದನ್ನು ನಾಳೆ ಬರೆಯುತ್ತೇನೆ. ಕಣ್ಣು ನೋಯುತ್ತಿದೆ.

ಮುಳಗುಂದ ನಾಕಾ ಗೆಳತಿ

ನಾನು ಕ್ರೈಸ್ತಳಲ್ಲ, ಲಿಂಗಾಯತರ ಮನೆಯವಳು. ಇವಳ ಜೊತೆ ಒಂದೇ ಬೆಂಚಿನಲ್ಲಿ ಓದಿದವಳು. ಕೇಳಬಹುದಾ? ನಮ್ಮಲ್ಲಿ ಕಾಯಕವೇ ಕೈಲಾಸ ಎನ್ನುತ್ತಾರೆ. ನಿಮ್ಮಲ್ಲಿ ಕೆಲಸದಿಂದ ಏನೂ ಸಿಗುವುದಿಲ್ಲ ಎಂದು ಓದಿ ಗಾಬರಿ ಆಯಿತು.

ಇವಳ ಅಪ್ಪ ನಮ್ಮ ಓಣಿಯ ವಿಧವೆಯೊಬ್ಬಳ ಮಗ್ಗವನ್ನು ವರ್ಷಗಟ್ಟಲೆ ದುಡ್ಡು ತೆಗೆದುಕೊಳ್ಳದೆ ರಿಪೇರಿ ಮಾಡಿದರು. ಇವಳು ಅದನ್ನು ಬರೆದೇ ಇಲ್ಲ.

ಬೆಟಗೇರಿಯ ಮಗಳು

ನನಗೆ ಅದು ಗೊತ್ತೇ ಇರಲಿಲ್ಲ. ಈಗ ನಿನ್ನಿಂದಲೇ ತಿಳಿಯಿತು.

ಬ್ಯಾಡಗಿ ರೈತ

ಗೆಳತಿಯವರ ಪ್ರಶ್ನೆಗೆ ನನಗೆ ತಿಳಿದ ಹಾಗೆ ಹೇಳುತ್ತೇನೆ. ನಮ್ಮದು ಮಳೆ ನಂಬಿದ ಹೊಲ. ಮೆಣಸಿನಕಾಯಿ ಹಾಕುತ್ತೇವೆ, ಜೋಳ ಹಾಕುತ್ತೇವೆ. ಕೆರೆ ಇಲ್ಲ, ಕಾಲುವೆ ಇಲ್ಲ. "ಮಳೆ ನಂಬಿ ಬಿತ್ತಿದೆ" ಎನ್ನುತ್ತೇವೆ ಅಲ್ವಾ? ಆ ಮಾತಿನಲ್ಲೇ ಎಲ್ಲ ಇದೆ.

ನಾನು ಬಿತ್ತಿದೆ ಎಂದು ಮಳೆ ಬರುವುದಿಲ್ಲ. ಎಷ್ಟು ಚೆನ್ನಾಗಿ ಕುಂಟೆ ಹೊಡೆದರೂ ಮೋಡಕ್ಕೆ ಅದರ ಲೆಕ್ಕ ಇಲ್ಲ. ಮಳೆ ಕೊಟ್ಟದ್ದು. ಹಾಗೆಂದು "ನಾನು ಮಳೆಯನ್ನು ನಂಬಿದ್ದೇನೆ" ಎಂದು ಹೇಳಿ ಕೂರಿಗೆ ಮುಟ್ಟದೆ ಕಟ್ಟೆಯ ಮೇಲೆ ಕೂತವನನ್ನು ಊರಲ್ಲಿ ಯಾರಾದರೂ ನಂಬಿದವನು ಎನ್ನುತ್ತಾರಾ? ನಂಬಿದವನ ಕೈಯಲ್ಲಿ ಕೂರಿಗೆ ಇರುತ್ತದೆ. ಅವನು ಬೀಜ ಮಣ್ಣಿಗೆ ಹಾಕಿದ್ದೇ ಅವನ ನಂಬಿಕೆ. ಯಾಕೋಬ ಹೇಳುವುದು ಇಷ್ಟೇ ಎಂದು ನನಗೆ ಅನ್ನಿಸುತ್ತದೆ. ಎಫೆಸದವರಿಗೆ 2:8 ಮತ್ತು 9 ಎಲ್ಲರೂ ಬಾಯಿಪಾಠ ಹೇಳುತ್ತಾರೆ. 10 ಯಾರೂ ಹೇಳುವುದಿಲ್ಲ. ಒಳ್ಳೆಯ ಕೆಲಸ ಮಾಡಲಿಕ್ಕಾಗಿಯೇ ನಮ್ಮನ್ನು ಉಂಟುಮಾಡಿದ್ದಾನೆ ಎಂದು ಅಲ್ಲಿದೆ.

ರೈಲ್ವೆ ಅಣ್ಣನವರೇ, ಟಿಕೆಟ್ಟಿನ ಮಾತು ನನಗೆ ಅಷ್ಟು ಹಿಡಿಸಲಿಲ್ಲ. ಟಿಕೆಟ್ ಜೇಬಿನಲ್ಲಿ ಇಟ್ಟು ಮರೆಯಬಹುದು. ಮಳೆ ನಂಬಿದವನು ದಿನಾ ಮೋಡ ನೋಡುತ್ತಾನೆ.

ಗದಗ ರೋಡ್ ರೈಲ್ವೆಯವ

ಒಪ್ಪಿದೆ. ದಿನಾ ನೋಡಬೇಕು. ಆದರೆ ನೋಡುವುದನ್ನು ಮರೆತವನ ಹೊಲಕ್ಕೂ ಮಳೆ ಬೀಳುತ್ತದೆ ಅಲ್ವಾ? ನಾನು ಹೇಳುವುದು ಅಷ್ಟೇ.

ಕೇಶ್ವಾಪುರ ನರ್ಸ್

ನಾವು ಕಥೋಲಿಕರು. ನೀವು ನಂಬಿಕೆ ಎನ್ನುವುದನ್ನು ನಮ್ಮ ಪೂಜೆಯಲ್ಲಿ ವಿಶ್ವಾಸ ಎನ್ನುತ್ತೇವೆ. ನಮ್ಮ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ, ಅದನ್ನು ಮೊದಲು ಹೇಳುತ್ತೇನೆ. ಕಥೋಲಿಕರು ಪುಣ್ಯ ಮಾಡಿ ಸ್ವರ್ಗ ಕೊಳ್ಳುತ್ತಾರೆ ಎನ್ನುತ್ತಾರೆ. ಹಾಗಲ್ಲ. ನಮ್ಮ ಬಿಷಪ್ಪರು ಸೇರಿದ ಟ್ರೆಂಟ್ ಮಹಾಸಭೆ 1547ರ ಜನವರಿಯಲ್ಲಿ ಈ ವಿಷಯದ ಮೇಲೆ ತೀರ್ಮಾನ ಕೊಟ್ಟಾಗ ಮೊದಲ ಮಾತೇ ಅದು. ಕೃಪೆ ಇಲ್ಲದೆ ಬರೀ ತನ್ನ ಕ್ರಿಯೆಯಿಂದ ಯಾರೂ ದೇವರ ಮುಂದೆ ನೀತಿವಂತರಾಗಲಾರರು ಎಂದು. ಮೊದಲ ಹೆಜ್ಜೆ ದೇವರದು. ಆಮೇಲೆ ನಾವು ಆ ಕೃಪೆಯ ಜೊತೆ ನಡೆಯಬೇಕು. ಗಲಾತ್ಯದವರಿಗೆ 5:6ರಲ್ಲಿ ಹೇಳಿದ ಹಾಗೆ, ಪ್ರೀತಿಯಿಂದ ಕೆಲಸ ಮಾಡುವ ವಿಶ್ವಾಸ.

ಆ ಕೃಪೆಯನ್ನು ಮಾರಕ ಪಾಪದಿಂದ, ಅಂದರೆ ತಿಳಿದೂ ಬೇಕೆಂದೇ ಮಾಡಿದ ಘೋರ ಪಾಪದಿಂದ, ಕಳೆದುಕೊಳ್ಳಬಹುದು ಎಂದು ನಮ್ಮ ಬೋಧನೆ. ಪಾಪನಿವೇದನೆ ಮಾಡಿ ತಿರುಗಿ ಪಡೆಯಬಹುದು. ನಾನು ಸ್ವರ್ಗಕ್ಕೆ ಹೋಗುವುದು ಖಂಡಿತ ಎಂದು ಯಾರೂ ತಮ್ಮ ಬಗ್ಗೆ ಹೇಳಿಕೊಳ್ಳುವ ಹಾಗಿಲ್ಲ. ಭರವಸೆ ಇಟ್ಟುಕೊಳ್ಳಬಹುದು.

ಆದರೆ ಅದರ ಇನ್ನೊಂದು ಮಗ್ಗಲು ಕೇಳಿ, ಅದಕ್ಕೇ ನಾನು ಬರೆಯಲು ಕೂತೆ. ನಮ್ಮ ಧರ್ಮಸಭೆ ಎಷ್ಟೋ ಜನರ ಹೆಸರು ಹಿಡಿದು ಇವರು ಸಂತರು, ಸ್ವರ್ಗದಲ್ಲಿದ್ದಾರೆ ಎಂದು ಸಾರಿದೆ. ಇಂಥವನು ನರಕದಲ್ಲಿದ್ದಾನೆ ಎಂದು ಹೆಸರು ಹಿಡಿದು ಒಬ್ಬನ ಬಗ್ಗೆಯೂ ಸಾರಿಲ್ಲ. ಎರಡು ಸಾವಿರ ವರ್ಷದಲ್ಲಿ ಒಬ್ಬನ ಬಗ್ಗೆಯೂ ಇಲ್ಲ. ಅಷ್ಟು ದೊಡ್ಡ ಸಭೆ ಆಡದ ಮಾತನ್ನು ನಿಮ್ಮ ಮನೆಗೆ ಬಂದವರು ಒಂದು ಸಂಜೆಯ ಕೂಟದಲ್ಲಿ ಆಡಿಬಿಟ್ಟರಲ್ಲ ತಂಗಿ.

ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡಿದವಳು ನಾನು. ಕೊನೆಯ ಗಳಿಗೆಯಲ್ಲಿ ಮನುಷ್ಯನ ತುಟಿ ಅಲ್ಲಾಡುವುದು ನೋಡಿದ್ದೇನೆ. ಏನು ಹೇಳುತ್ತಾರೆ ಎಂದು ಕಿವಿ ಕೊಟ್ಟರೂ ಕೇಳುವುದಿಲ್ಲ. ಅದು ನಮಗೆ ಹೇಳುವ ಮಾತಲ್ಲ.

ಬೆಟಗೇರಿಯ ಮಗಳು

ನರ್ಸಕ್ಕಾ, ನಿಮ್ಮ ಬರಹ ಅವ್ವನಿಗೆ ಓದಿದೆ. ಎರಡು ಸಲ ಓದಿಸಿದಳು. ಆಮೇಲೆ ಅಂದಳು: "ಅವರಲ್ಲಿ ಸತ್ತವರಿಗಾಗಿ ಪ್ರಾರ್ಥನೆ ಮಾಡಲಿಕ್ಕೆ ಬರುತ್ತದೆ. ನಮ್ಮಲ್ಲಿ ಅದೂ ಇಲ್ಲ."

ಇದಕ್ಕೆ ಏನು ಹೇಳಲಿ?

ಧಾರವಾಡ ಮಾಸ್ತರ

ಮಗಳೇ, ನಿನ್ನೆ ಬಿಟ್ಟಲ್ಲಿಂದ ಶುರು ಮಾಡುತ್ತೇನೆ. ಅವ್ವನ ಮಾತಿಗೂ ಬರುತ್ತೇನೆ.

ಪ್ರೊಟೆಸ್ಟೆಂಟರಲ್ಲೇ ಈ ವಿಷಯದಲ್ಲಿ ಒಮ್ಮತ ಇಲ್ಲ. ಲೂಥರನ ಕಡೆಯವರು 1530ರಲ್ಲಿ ಆಗ್ಸ್‌ಬರ್ಗ್ ಎಂಬ ಜರ್ಮನ್ ಊರಲ್ಲಿ ಕೊಟ್ಟ ತಮ್ಮ ನಂಬಿಕೆಯ ಅರಿಕೆಯಲ್ಲಿ ಸ್ಪಷ್ಟವಾಗಿ ಬರೆದರು. ಒಮ್ಮೆ ನೀತಿವಂತನಾದವನು ಪವಿತ್ರಾತ್ಮನನ್ನು ಕಳೆದುಕೊಳ್ಳಲಾರ ಎನ್ನುವವರನ್ನು ನಾವು ಒಪ್ಪುವುದಿಲ್ಲ ಎಂದು. ಲೂಥರನ ನಂತರ ಬಂದ ಇನ್ನೊಬ್ಬ ಸುಧಾರಕ ಕ್ಯಾಲ್ವಿನ್‌ನ ದಾರಿಯವರು ಬೇರೆ ಹೇಳಿದರು. ದೇವರು ಆರಿಸಿದವನನ್ನು ದೇವರೇ ಕಡೇ ತನಕ ಕಾಯುತ್ತಾನೆ ಎಂದು. ಹಾಲೆಂಡಿನಲ್ಲಿ ಅರ್ಮೀನಿಯಸ್ ಎಂಬ ಪಂಡಿತ ಇದರ ಬಗ್ಗೆ ಪ್ರಶ್ನೆ ಎತ್ತಿದ. ಅವನು 1609ರಲ್ಲಿ ತೀರಿಕೊಂಡ. ಮರುವರ್ಷ ಅವನ ಕಡೆಯವರು ಐದು ಅಂಶ ಬರೆದು ಸರ್ಕಾರಕ್ಕೆ ಕೊಟ್ಟರು. ಆ ಐದನೆಯದು ನಿನ್ನ ಪ್ರಶ್ನೆಯೇ. ರಕ್ಷಣೆ ಹೊಂದಿದವನು ಅಸಡ್ಡೆಯಿಂದ ಅದನ್ನು ಬಿಟ್ಟುಬಿಡಬಹುದೇ? ಅದಕ್ಕೆ ಅವರೇ "ವೇದದಲ್ಲಿ ಇನ್ನೂ ಹುಡುಕಿ ನೋಡಬೇಕು" ಎಂದು ಬರೆದಿದ್ದರು! ಅವಸರ ಮಾಡಲಿಲ್ಲ. 1618 ಮತ್ತು 1619ರಲ್ಲಿ ಡೋರ್ಟ್ ಎಂಬ ಊರಲ್ಲಿ ಸಭೆ ಕೂಡಿ ಅವರ ವಿರುದ್ಧ ತೀರ್ಪು ಆಯಿತು.

ಆ ಡೋರ್ಟಿನ ತೀರ್ಪನ್ನೂ ಪೂರ್ತಿ ಓದಬೇಕು. ಅದು ಕನ್ಫರ್ಮ್ ಟಿಕೆಟ್ಟಿನ ಮಾತಲ್ಲ. ನಿಜ ವಿಶ್ವಾಸಿಗಳೂ ಘೋರವಾಗಿ ಬೀಳಬಹುದು, ದಾವೀದ ಬಿದ್ದ, ಪೇತ್ರ ಬಿದ್ದ ಎನ್ನುತ್ತದೆ. ಕೆಲವು ಕಾಲ ಕೃಪೆಯ ಅರಿವೇ ಇಲ್ಲದೆ ಇರಬಹುದು ಎನ್ನುತ್ತದೆ. ಆದರೂ ದೇವರು ತನ್ನ ಆತ್ಮನನ್ನು ಪೂರ್ತಿ ತೆಗೆದುಬಿಡುವುದಿಲ್ಲ ಎನ್ನುತ್ತದೆ.

ಇದೆಲ್ಲ ನಮಗೆ ಯಾಕೆ? ಯಾಕೆಂದರೆ ನಮ್ಮ ಸಭೆಗಳು ಹುಟ್ಟಿದ್ದೇ ಈ ಎರಡೂ ಸೇರಿ. ಬಾಸೆಲ್ ಮಿಶನ್ 1815ರಲ್ಲಿ ಶುರುವಾಯಿತು. ಬಾಸೆಲ್ ಊರು ಕ್ಯಾಲ್ವಿನ್‌ನ ದಾರಿಗೆ ಹತ್ತಿರದ ಸ್ವಿಸ್ ಪಟ್ಟಣ. ಆದರೆ ಅಲ್ಲಿಂದ ಬಂದ ಬೋಧಕರಲ್ಲಿ ಬಹಳ ಜನ ಜರ್ಮನಿಯ ವುರ್ಟೆಂಬರ್ಗ್ ಕಡೆಯವರು, ಲೂಥರನವರು. 1837ರಲ್ಲಿ ಧಾರವಾಡಕ್ಕೆ ಬಂದರು, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ನಿಮ್ಮ ಬೆಟಗೇರಿಗೆ. ಅವರೊಳಗೆ ಈ ವಿಷಯದಲ್ಲಿ ಎರಡು ಮತ ಇದ್ದವು. ಒಂದೇ ಮನೆಯಲ್ಲಿ ಉಂಡರು, ಒಂದೇ ಮೇಜಿನಲ್ಲಿ ಪ್ರಭು ಭೋಜನ ಮಾಡಿದರು. ಜೀವನದಲ್ಲಿ ಕಾಣದ ನಂಬಿಕೆ ನಂಬಿಕೆಯಲ್ಲ ಎನ್ನುವುದರಲ್ಲಿ ಮಾತ್ರ ಎಲ್ಲರೂ ಒಂದೇ. ಕ್ರೈಸ್ತರಾದದ್ದಕ್ಕೆ ಜಾತಿಯವರು ಹೊರಗೆ ಹಾಕಿದವರಿಗೆ ಮಗ್ಗ ಕೊಟ್ಟರು, ಹೆಂಚಿನ ಕಾರ್ಖಾನೆ ಹಾಕಿದರು. ಗೆಳತಿಯವರೇ, ನಿಮ್ಮ ಕಾಯಕದ ಮಾತು ಅವರಿಗೆ ಅರ್ಥವಾಗುತ್ತಿತ್ತು. ಎರಡೂ ಒಂದೇ ಎಂದು ಹೇಳುತ್ತಿಲ್ಲ. ಕೆಲಸ ದೇವರಿಗೆ ಕೊಡುವ ಕೂಲಿ ಅಲ್ಲ, ದೇವರಿಂದ ಪಡೆದವನು ಮಾಡುವ ಸೇವೆ ಎಂದು ಅವರು ತಿಳಿದಿದ್ದರು. ಆ ವಿಧವೆಯ ಮಗ್ಗವನ್ನು ಓದಿದಾಗ ನನಗೆ ಅದೇ ನೆನಪಾಯಿತು.

ಈಗ ನಿಮ್ಮ ಮನೆಗೆ ಬಂದ ಬೋಧಕರ ಮಾತು. "ಮೊದಲಿನಿಂದಲೂ ನಿಜವಾದವನಲ್ಲ" ಎನ್ನುವುದು ಯೋಹಾನನ ಮೊದಲ ಪತ್ರಿಕೆ 2:19ರಿಂದ ಬಂದದ್ದು. ನಮ್ಮನ್ನು ಬಿಟ್ಟುಹೋದವರು ನಮ್ಮವರಾಗಿರಲಿಲ್ಲ ಎಂದು ಅಲ್ಲಿದೆ. ಆದರೆ ಮೂರು ವಚನ ಮುಂದೆ ಹೋಗಿ 22 ನೋಡಿ. ಅಲ್ಲಿ ಬಿಟ್ಟುಹೋದವರು ಯಾರು? ಯೇಸು ಕ್ರಿಸ್ತನೇ ಅಲ್ಲ ಎಂದವರು. ನಿನ್ನ ಅಪ್ಪ ಕ್ರಿಸ್ತನನ್ನು ಅಲ್ಲಗಳೆದರಾ? ಲೆಕ್ಕ ಕೇಳಿದರು. ಅವಮಾನವಾಯಿತು. ಒಂದು ಕಟ್ಟಡದೊಳಗೆ ಹೋಗಲಾರದೆ ಉಳಿದರು. ಗಾಯ ಆದವನು ಬೇರೆ, ಧರ್ಮ ಬಿಟ್ಟವನು ಬೇರೆ. ಅವರು ಸಭೆಗೆ ಹೋಗಬೇಕಿತ್ತು, ನಿಜ. ಸಭೆಯೂ ಅವರ ಮನೆಗೆ ಹೋಗಬೇಕಿತ್ತು. ನೂರರಲ್ಲಿ ಒಂದು ಕುರಿ ತಪ್ಪಿದಾಗ ಲೂಕನ 15ನೇ ಅಧ್ಯಾಯದಲ್ಲಿ ನಡೆದು ಹೋದವನು ಕುರುಬ. ಹನ್ನೊಂದು ವರ್ಷದಲ್ಲಿ ಯಾರಾದರೂ ಬಂದರಾ?

ಬೆಟಗೇರಿಯ ಮಗಳು

ಒಬ್ಬರು ಬಂದರು, ಮಾಸ್ತರ್. ವಾರ್ಷಿಕ ಕಾಣಿಕೆ ಕೇಳಲು.

ಒಮ್ಮೆ ನಾನೇ ಅಪ್ಪನನ್ನು ಕೇಳಿದ್ದೆ. "ದೇವರ ಮೇಲೆ ಸಿಟ್ಟಾ?" ಎಂದು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಲ್ಲವ್ವಾ. ಆ ಬಾಗಿಲು ದಾಟಲಿಕ್ಕೆ ಕಾಲು ಬರುವುದಿಲ್ಲ" ಅಂದರು.

ರಾಣೇಬೆನ್ನೂರು ಬೋಧಕ

ಸಹೋದರಿ, ನಿಮ್ಮ ಈ ಎರಡು ಸಾಲು ಓದಿ ರಾತ್ರಿ ಬಹಳ ಹೊತ್ತು ಕೂತಿದ್ದೆ.

ನನ್ನ ಬೋಧನೆ ಬದಲಾಗಿಲ್ಲ. ಎಚ್ಚರಿಕೆಯ ವಚನಗಳು ಬರೀ ಹೆದರಿಸಲು ಬರೆದವಲ್ಲ, ಅವು ನಿಜ ಎಂದೇ ನಂಬುತ್ತೇನೆ. ಮನುಷ್ಯ ಬೇಕೆಂದೇ ಕ್ರಿಸ್ತನನ್ನು ತಳ್ಳಿಬಿಡಬಹುದು. ಆದರೆ ಇಬ್ರಿಯರ ಪತ್ರಿಕೆಯನ್ನು ಮತ್ತೆ ಮೊದಲಿನಿಂದ ಓದಿದೆ. 3:13ರಲ್ಲಿ ಒಂದು ಮಾತಿದೆ. "ಇಂದು" ಎಂದು ಹೇಳುವ ದಿನ ಇರುವ ತನಕ ಒಬ್ಬರನ್ನೊಬ್ಬರು ಎಚ್ಚರಿಸಿರಿ ಎಂದು. ಅಂದರೆ ಆ ಮಾತು ಬದುಕಿದ್ದು ಕೇಳುತ್ತಾ ಕೂತವರಿಗೆ. ನನಗೆ ಮತ್ತು ನನ್ನ ಸಭೆಗೆ. ಸತ್ತವನ ಮೇಲೆ ತೀರ್ಪು ಓದಲಿಕ್ಕೆ ಅದನ್ನು ನಮ್ಮ ಕೈಗೆ ಕೊಟ್ಟಿಲ್ಲ.

ಇನ್ನೊಂದು. ನಾನು ನಿಮಗೆ 6:4ರಿಂದ 6 ಕೊಟ್ಟೆ. 9 ಮತ್ತು 10 ಕೊಡಲಿಲ್ಲ. ಅಷ್ಟು ಕಠಿಣವಾಗಿ ಬರೆದ ಮೇಲೆ ಅದೇ ಬರಹಗಾರ, ಪ್ರಿಯರೇ, ನಿಮ್ಮ ವಿಷಯದಲ್ಲಿ ನಮಗೆ ಒಳ್ಳೆಯದೇ ಭರವಸೆ ಇದೆ ಎನ್ನುತ್ತಾನೆ. ದೇವರು ಅನ್ಯಾಯಗಾರನಲ್ಲ, ನೀವು ಮಾಡಿದ ಕೆಲಸವನ್ನೂ ತೋರಿಸಿದ ಪ್ರೀತಿಯನ್ನೂ ಮರೆಯುವವನಲ್ಲ ಎನ್ನುತ್ತಾನೆ. ಅದನ್ನು ಬಿಟ್ಟು ಓದಿದ್ದು ನನ್ನ ತಪ್ಪು. ನಿಮ್ಮ ಅವ್ವನ ಹತ್ತಿರ ಕ್ಷಮೆ ಕೇಳುತ್ತೇನೆ. ಅಲ್ಲಿಗೆ ಬಂದವನು ನಾನಲ್ಲ, ಆದರೆ ನಾನೂ ಬೇರೆ ಮನೆಗಳಲ್ಲಿ ಅಂಥ ಮಾತು ಆಡಿದ್ದೇನೆ.

ಹಾವೇರಿ ಹುಡುಗ

ಬೋಧಕರೇ, ಹಾಗಾದರೆ ನನ್ನಂಥವನಿಗೆ ಯಾವ ವಚನ?

ರಾಣೇಬೆನ್ನೂರು ಬೋಧಕ

ನಿನಗೆ ಎಚ್ಚರಿಕೆ ಬೇಡ ಮಗನೇ, ಅದು ಆಗಲೇ ಜಾಸ್ತಿ ಆಗಿದೆ. ರೈಲ್ವೆ ಅಣ್ಣನವರ ಯೋಹಾನ 10:28 ನಿನಗೆ. ಫಿಲಿಪ್ಪಿಯವರಿಗೆ 1:6 ನಿನಗೆ. ನಿನ್ನಲ್ಲಿ ಶುರು ಮಾಡಿದವನು ಮುಗಿಸುತ್ತಾನೆ. ಎಂಟನೇ ಸಲ ಕೈ ಎತ್ತಬೇಡ. ಬಿದ್ದರೆ ಎದ್ದು, ಇದ್ದಲ್ಲಿಂದಲೇ ಮುಂದೆ ನಡೆ.

ಗದಗ ರೋಡ್ ರೈಲ್ವೆಯವ

ಬೋಧಕರೇ, ನೀವು ಮೊದಲ ದಿನ ಹೇಳಿದ ಆ ಕುಡುಕನಿಗೆ ನಾನೂ ಯೋಹಾನ 10:28 ಕೊಡಲಾರೆ. ಅವನಿಗೆ ನಿಮ್ಮ ಇಬ್ರಿಯ 6 ಬೇಕು. ಅವನ ಹೆಂಡತಿಗೆ ಮೊದಲು ನಮ್ಮ ಮನೆಯ ಬಾಗಿಲು ತೆರೆದಿರಬೇಕು.

ಬ್ಯಾಡಗಿ ರೈತ

ನಂಬು ಎನ್ನುವ ಮಾತಿನಿಂದಲೇ ನಂಬಿಗಸ್ತ ಎನ್ನುವ ಮಾತೂ ಬಂದಿದೆ. ಇದು ಹೊಲದಲ್ಲಿ ಕೂತಾಗ ಹೊಳೆಯಿತು. ನಾವು ನಂಬುವವರು. ಆತ ನಂಬಿಗಸ್ತ. ತಿಮೊಥೆಯನಿಗೆ ಬರೆದ ಎರಡನೇ ಪತ್ರಿಕೆ 2:13ರಲ್ಲಿ ನಾವು ನಂಬಿಗಸ್ತರಲ್ಲದೆ ಹೋದರೂ ಆತ ನಂಬಿಗಸ್ತನಾಗಿಯೇ ಇರುತ್ತಾನೆ ಎಂದಿದೆ. ಹಿಂದಿನ ವಚನದಲ್ಲಿ ಆತನನ್ನು ಅಲ್ಲಗಳೆದರೆ ಆತನೂ ಅಲ್ಲಗಳೆಯುತ್ತಾನೆ ಎಂದೂ ಇದೆ. ಎರಡೂ ಪಕ್ಕ ಪಕ್ಕ. ಒಂದನ್ನು ಅಳಿಸಿ ಇನ್ನೊಂದನ್ನು ಇಟ್ಟುಕೊಳ್ಳುವ ಹಾಗಿಲ್ಲ.

ಧಾರವಾಡ ಮಾಸ್ತರ

ಅವ್ವನ ಮಾತು ಬಾಕಿ ಇತ್ತು. ನಮ್ಮಲ್ಲಿ ಸತ್ತವರಿಗಾಗಿ ಪ್ರಾರ್ಥಿಸುವ ಪದ್ಧತಿ ಇಲ್ಲ, ನಿಜ. ಆದರೆ ಅವ್ವ ಹನ್ನೊಂದು ವರ್ಷ ಪ್ರತಿ ರಾತ್ರಿ, ಗಂಡ ಬದುಕಿದ್ದಾಗಲೇ, ಅವನು ಪಕ್ಕದಲ್ಲಿ ತಲೆ ತಗ್ಗಿಸಿ ಕೂತಿದ್ದಾಗಲೇ ಅವನಿಗಾಗಿ ಪ್ರಾರ್ಥನೆ ಮಾಡಿದ್ದಾಳೆ. ಆ ಪ್ರಾರ್ಥನೆಗಳು ಎಲ್ಲಿ ಹೋದವು? ಅವನು ಸತ್ತ ದಿನ ಅವು ಸಾಯಲಿಲ್ಲ. ಹಾಗೆಂದು ಅವಳಿಗೆ ಹೇಳು.

ಇನ್ನೊಂದು ಹಳೆಯ ಸಂಗತಿ. ಜಾನ್ ವೆಸ್ಲಿ ಮತ್ತು ಜಾರ್ಜ್ ವಿಟ್‌ಫೀಲ್ಡ್ ಇಂಗ್ಲೆಂಡಿನಲ್ಲಿ ಗೆಳೆಯರು, ಇಬ್ಬರೂ ಬಯಲಿನಲ್ಲಿ ನಿಂತು ಬೋಧಿಸಿದವರು. ವೆಸ್ಲಿ ರಕ್ಷಣೆ ಕಳೆದುಹೋಗಬಹುದು ಎಂದ. ವಿಟ್‌ಫೀಲ್ಡ್ ಹೋಗುವುದಿಲ್ಲ ಎಂದ. ಬಹಿರಂಗವಾಗಿಯೇ ಜಗಳವಾಡಿ ಬೇರೆಯಾದರು. ಆಮೇಲೆ ರಾಜಿಯಾದರು, ಮತ ಮಾತ್ರ ಯಾರೂ ಬಿಡಲಿಲ್ಲ. 1770ರಲ್ಲಿ ವಿಟ್‌ಫೀಲ್ಡ್ ತೀರಿಕೊಂಡಾಗ ಅವನ ನೆನಪಿನ ಪ್ರಸಂಗ ಮಾಡಿದವನು ವೆಸ್ಲಿ. ವಿಟ್‌ಫೀಲ್ಡನ ಆಸೆಯೇ ಹಾಗಿತ್ತು. 1999ರ ಅಕ್ಟೋಬರ್ 31ರಂದು ಅದೇ ಆಗ್ಸ್‌ಬರ್ಗ್ ಊರಲ್ಲಿ ಲೂಥರನವರೂ ಕಥೋಲಿಕರೂ ನೀತಿವಂತರಾಗುವ ವಿಷಯದ ಮೇಲೆ ಒಂದೇ ಕಾಗದಕ್ಕೆ ಸಹಿ ಹಾಕಿದರು. 2006ರಲ್ಲಿ ವೆಸ್ಲಿಯ ದಾರಿಯ ಮೆಥೊಡಿಸ್ಟರು ಸೇರಿದರು, 2017ರಲ್ಲಿ ಕ್ಯಾಲ್ವಿನ್‌ನ ದಾರಿಯವರೂ ಸೇರಿದರು. ಎಲ್ಲ ಜಗಳ ತೀರಿಲ್ಲ. ಆದರೆ ರಕ್ಷಣೆ ಕೃಪೆಯಿಂದಲೇ, ನಮ್ಮ ಅರ್ಹತೆಯಿಂದ ಅಲ್ಲ ಎನ್ನುವುದನ್ನು ಎಲ್ಲರೂ ಒಟ್ಟಿಗೆ ಹೇಳಿದರು.

ಕಲ್ಲಿನ ಮೇಲೆ ಏನು ಬರೆಸಬೇಕು ಎಂದು ಅವ್ವನನ್ನೇ ಕೇಳು. ನಾವು ಯಾರೂ ಹೇಳುವುದು ಬೇಡ.

ಬೆಟಗೇರಿಯ ಮಗಳು

ಕೇಳಿದೆ. ಮೂರು ದಿನ ಏನೂ ಹೇಳಲಿಲ್ಲ. ನಿಮ್ಮೆಲ್ಲರ ಬರಹ ಓದಿ ಹೇಳುತ್ತಿದ್ದೆ, ಕೇಳುತ್ತಿದ್ದಳು. ಗೆಳತಿ ಆ ವಿಧವೆಯನ್ನು ಕರೆದುಕೊಂಡು ಮನೆಗೆ ಬಂದಿದ್ದಳು. ಇಬ್ಬರೂ ಅಡುಗೆಮನೆಯಲ್ಲಿ ಬಹಳ ಹೊತ್ತು ಕೂತಿದ್ದರು. ಏನು ಮಾತಾಡಿದರು ಎಂದು ನಾನು ಕೇಳಲಿಲ್ಲ.

ನಿನ್ನೆ ರಾತ್ರಿ ಸತ್ಯವೇದ ತಂದು ಲೂಕ 23 ತೆಗೆ ಅಂದಳು. ಶಿಲುಬೆಯ ಮೇಲಿನ ಕಳ್ಳನ ಭಾಗ ಓದಿಸಿದಳು. "ಇವನು ದೀಕ್ಷಾಸ್ನಾನ ಮಾಡಿಸಿಕೊಂಡಿರಲಿಲ್ಲ. ಚರ್ಚಿಗೆ ಹೋಗಿರಲಿಲ್ಲ. ಒಳ್ಳೆಯ ಕೆಲಸ ಮಾಡಲು ಕೈ ಬಿಚ್ಚುವ ಹಾಗೂ ಇರಲಿಲ್ಲ. ಇವನು ಹೇಳಿದ್ದನ್ನೇ ಬರೆಸು" ಅಂದಳು. 42ನೇ ವಚನ. ಯೇಸುವೇ, ನಿನ್ನ ರಾಜ್ಯದಲ್ಲಿ ನನ್ನನ್ನು ನೆನಪು ಮಾಡಿಕೋ ಎಂದು ಕೇಳಿಕೊಂಡದ್ದು.

ಅದಕ್ಕೆ ಯೇಸು, ಇಂದೇ ನೀನು ನನ್ನ ಜೊತೆ ಸ್ವರ್ಗದಲ್ಲಿರುವೆ ಎಂದು ಕೊಟ್ಟ ಉತ್ತರವನ್ನೂ ಬರೆಸೋಣವಾ ಎಂದು ಕೇಳಿದೆ. "ಬೇಡ. ಉತ್ತರ ಕೊಡುವವನು ಆತ. ನಾವು ಕೇಳಿಕೊಂಡದ್ದನ್ನು ಮಾತ್ರ ಬರೆಸು" ಅಂದಳು.

ಆಮೇಲೆ ಪ್ರಾರ್ಥನೆ ಮಾಡಿದಳು. ಕೊನೆಗೆ ಎಂದಿನ ಹಾಗೆ ಸ್ವಲ್ಪ ಹೊತ್ತು ನಿಲ್ಲಿಸಿದಳು. ಅಪ್ಪ ಇದ್ದಾಗ ಅವರು ಹೇಳಲಿ ಎಂದು ಹಾಗೆ ನಿಲ್ಲಿಸುತ್ತಿದ್ದಳು. ನಾನು ಆಮೆನ್ ಅಂದೆ.

ಕಲ್ಲು ಮುಂದಿನ ಶನಿವಾರ ಬೆಳಿಗ್ಗೆ ನಿಲ್ಲಿಸುತ್ತಾರೆ. ಹತ್ತಿರದವರು ಬರಬಹುದು.

ಗದಗ ರೋಡ್ ರೈಲ್ವೆಯವ

ನಾನು ಬರುತ್ತೇನೆ ತಂಗಿ. ಹುಬ್ಬಳ್ಳಿಯಿಂದ ಒಂದೂವರೆ ತಾಸಿನ ದಾರಿ. ಹಾವೇರಿ ಹುಡುಗನೇ, ನೀನು ಹುಬ್ಬಳ್ಳಿಗೆ ಬಾ, ಅಲ್ಲಿಂದ ಒಟ್ಟಿಗೆ ಹೋಗೋಣ.

ರಾಣೇಬೆನ್ನೂರು ಬೋಧಕ

ಅವ್ವ ಬೇಡ ಅನ್ನದಿದ್ದರೆ ನಾನೂ ಬರುತ್ತೇನೆ. ಬೋಧನೆ ಮಾಡುವುದಿಲ್ಲ. ಸುಮ್ಮನೆ ನಿಂತಿರುತ್ತೇನೆ.

ಬೆಟಗೇರಿಯ ಮಗಳು

ಬನ್ನಿ. ಅವ್ವ ಊಟಕ್ಕೆ ಇರಬೇಕು ಎಂದು ಹೇಳಲು ಹೇಳಿದ್ದಾಳೆ.